ಕಂಪ್ಯೂಟರಿನಲ್ಲಿ ಒಂದು ಆಕಾಶ
(ವಾರ್ಷಿಕೋತ್ಸವದ ಭಾಷಣ)



ಕೆಟ್ಟ ಕ್ಯಾಲ್ಕುಲೇಟರ್ ಎಸೀಬೇಡಿ. ಅದರ ಪರದೆ ಮೇಲೆ ಬೂದುಬಣ್ಣದ ತೆಳು ಹಾಳೆ ಅಂಟಿರುತ್ತೆ. ಅದನ್ನ ಬಿಡಿಸಿ, ಹೊತ್ತು ಮುಳುಗೋವಾಗ ನೆತ್ತಿ ಮೇಲಿನ ಆಕಾಶವನ್ನು ಅದರ ಮೂಲಕ ನೋಡಿ. ಮೆಲ್ಲಗೆ ತಿರುಗಿಸಿದರೆ ಆಕಾಶ ಮಬ್ಬಾಗುತ್ತೆ, ಇನ್ನು ಕಾಲು ಸುತ್ತಿಗೆ ಬೆಳ್ಳಗಾಗುತ್ತೆ. ಸೂರ್ಯನ ಕಡೆ ಮಾತ್ರ ನೋಡಬೇಡಿ, ಕಣ್ಣು ಹೋಗುತ್ತೆ.

ಸೂರ್ಯನ ಬೆಳಕು ತಾನು ಸಾಗುವ ದಾರಿಗೆ ಅಡ್ಡಡ್ಡ ಎಲ್ಲ ದಿಕ್ಕಿಗೂ ಅಲ್ಲಾಡುತ್ತಾ ಬರುತ್ತದೆ. ಗಾಳಿಯ ಅಣುಗಳಿಗೆ ತಾಗಿ ಲಂಬಕೋನದಲ್ಲಿ ಚದುರಿದ ಬೆಳಕು ಬಹುಪಾಲು ಒಂದೇ ದಿಕ್ಕಿಗೆ ಅಲ್ಲಾಡುತ್ತದೆ. ಇದೇ ಧ್ರುವೀಕರಣ. ಒಂದೇ ಸಲ ಚದುರಿದರೆ ಇದು ನೂರರ ಹತ್ತಿರ ಇರಬೇಕು. ಶುಭ್ರ ಆಕಾಶದಲ್ಲೂ ಸಿಗೋದು ಶೇಕಡ 70-80ರಷ್ಟೇ. ಯಾಕೆಂದರೆ ಬೆಳಕು ಮತ್ತೆ ಮತ್ತೆ ಚದುರುತ್ತದೆ, ನೆಲಕ್ಕೆ ಬಡಿದು ಮೇಲೇಳುತ್ತದೆ, ಧೂಳಿಗೆ ತಾಗುತ್ತದೆ.

ಈ ಗೋಜಲನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1940ರ ದಶಕದಲ್ಲಿ ಸಮೀಕರಣಕ್ಕೆ ತಂದರು. 1960ರಲ್ಲಿ ಕೌಲ್ಸನ್, ದವೆ, ಸೆಕೆರಾ ಮೂವರೂ ಅದರ ಉತ್ತರಗಳ ಕೋಷ್ಟಕ ಪ್ರಕಟಿಸಿದರು. ಇವತ್ತು ಹಳೇ ಲ್ಯಾಪ್‌ಟಾಪೂ ಪುಕ್ಕಟೆ ಸಿಗೋ ಪೈಥಾನೂ ಇದ್ದರೆ ನಾವೇ ಮಾಡಬಹುದು. ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಡೋದು. ಎಷ್ಟು ದೂರ ಹೋಗುತ್ತೆ, ಯಾವ ಕಡೆ ತಿರುಗುತ್ತೆ ಅನ್ನೋದನ್ನ ಕವಡೆ ಹಾಕಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತೆ. ಆದರೆ ಯಾವ ಗರ ಎಷ್ಟು ಸಲ ಬೀಳಬೇಕು ಅನ್ನೋದು ಭೌತಶಾಸ್ತ್ರದ ನಿಯಮ. ಇದಕ್ಕೆ ಮಾಂಟೆ ಕಾರ್ಲೊ ಪದ್ಧತಿ ಅಂತಾರೆ. ಬೆಳಕಿನ ಸ್ಥಿತಿ ಹೇಳೋಕೆ ಸ್ಟೋಕ್ಸ್ 1852ರಲ್ಲಿ ಕೊಟ್ಟ ನಾಲ್ಕು ಸಂಖ್ಯೆಗಳು ಕಣದ ಜೊತೆಗೇ ಸಾಗುತ್ತವೆ. ಹೀಗೆ ಲಕ್ಷಗಟ್ಟಲೆ ಕಣ. ಮೊದಲು ಧೂಳಿಲ್ಲದ ಆಕಾಶಕ್ಕೆ ಓಡಿಸಿ. ಆ ಕೋಷ್ಟಕದ ಜೊತೆ ತಾಳೆಯಾದ ಮೇಲೇ ಧೂಳು ಸೇರಿಸಿ.

ಧೂಳು ಅಂದೆ. ನಮ್ಮ ಹೊಸೂರು, ಡೆಂಕಣಿಕೋಟೆ ಸೀಮೆಯ ಕಲ್ಲು ಕ್ವಾರಿ, ಕ್ರಷರ್‌ಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ಧೂಳು ಏರಿದರೆ ಧ್ರುವೀಕರಣ ಇಳಿಯುತ್ತದೆ. ಕ್ರಷರ್ ಓಡುವ ದಿನ, ನಿಂತ ದಿನ, ಒಂದೇ ಹೊತ್ತಿಗೆ ಅಳೆದು ನಮ್ಮ ಲೆಕ್ಕದ ಪಕ್ಕ ಇಟ್ಟರೆ ಗಾಳಿ ಎಷ್ಟು ಕೆಟ್ಟಿದೆ ಅನ್ನೋದರ ಒಂದು ಅಂದಾಜು ಸಿಗುತ್ತೆ. ಎದೆಯೊಳಗೆ ಎಷ್ಟು ಹೋಯಿತು ಅಂತ ಇದು ಹೇಳಲ್ಲ. ಸಿಲಿಕೋಸಿಸ್‌ಗೆ ಡಾಕ್ಟರು, ಎಕ್ಸ್‌ರೇನೇ ಬೇಕು. ಆದರೂ ಧೂಳು ಕುಡಿಯೋರು ನಾವು, ಅಳೆಯೋರು ಬೇರೆಯೋರು ಅನ್ನೋ ಏರ್ಪಾಡು ನನಗಂತೂ ಒಪ್ಪಿಗೆಯಿಲ್ಲ.

ಸೈನ್, ಕೊಸೈನ್ ಗೊತ್ತಿದ್ದರೆ ಶುರುಮಾಡೋಕೆ ಸಾಕು. ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಬನ್ನಿ, ಕೂತು ಬರೆಯೋಣ. ತಂಗಿಯರೇ, ಹಿಂದಿನ ಸಾಲಿಗೆ ಹೋಗಬೇಡಿ. ಕೀಬೋರ್ಡ್ ಮೊದಲು ನಿಮ್ಮ ಕೈಗೆ.