ನಕ್ಷೆಯೂ ಮಕ್ಕಳದ್ದೇ ಆಗಲಿ

(ತಾಲ್ಲೂಕು ಮಟ್ಟದ ಶಾಲಾ ಕೈತೋಟ ಮೇಳದ ಉದ್ಘಾಟನಾ ಭಾಷಣ)



ದೀಪ ಬೆಳಗುವ ಮೊದಲು ಮಳಿಗೆಗಳನ್ನು ಒಂದು ಸುತ್ತು ನೋಡಿ ಬಂದೆ. ಹರಿವೆ, ಬಸಳೆ, ಹೀರೆ, ಬದನೆ ಎಲ್ಲವೂ ಸೊಂಪಾಗಿವೆ. ನನಗೆ ತುಂಬ ಹಿಡಿಸಿದ್ದು ಏಳನೇ ತರಗತಿಯ ಮಕ್ಕಳು ಬರೆದಿರುವ ಶಾಲೆಯಂಗಳದ ನಕ್ಷೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಟ್ಟಡದ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಮೂರು ಬಣ್ಣಗಳಲ್ಲಿ ಗುರುತು ಮಾಡಿದ್ದಾರೆ. ಕೈತೊಳೆದ ನೀರು ಹರಿದು ಹೋಗುವಲ್ಲಿ ಬಾಳೆ. ದಿನವಿಡೀ ಬಿಸಿಲಿರುವಲ್ಲಿ ಬದನೆ, ಟೊಮೆಟೊ. ನುಗ್ಗೆ ಮಾತ್ರ ಕಾಂಪೌಂಡಿನ ಮೂಲೆಗೆ. "ಅಷ್ಟು ದೂರ ಯಾಕಮ್ಮ?" ಎಂದು ನಕ್ಷೆಯ ಬಳಿ ನಿಂತಿದ್ದ ಹುಡುಗಿಯನ್ನು ಕೇಳಿದೆ. "ಮಳೆಗಾಲದಲ್ಲಿ ಅದಕ್ಕೆ ಕಂಬಳಿಹುಳ ಹತ್ತುತ್ತೆ ಸರ್. ಕ್ಲಾಸಿನ ಕಿಟಕಿ ಹತ್ರ ಬೇಡ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ವಿ" ಅಂದಳು ಆ ಹುಡುಗಿ.

ನಾನು ಇಂದು ಹೇಳಬೇಕೆಂದಿರುವುದು ಆ ತೀರ್ಮಾನದ ಬಗ್ಗೆಯೇ. ಎಷ್ಟೋ ಶಾಲೆಗಳಲ್ಲಿ ಗಿಡ ಎಲ್ಲಿ ನೆಡಬೇಕೆಂದು ದೊಡ್ಡವರು ನಿರ್ಧರಿಸುತ್ತಾರೆ, ನೀರು ಹೊರುವವರು ಮಕ್ಕಳು. ಹಾಗೆ ಜೂನ್ 5ರ ಪರಿಸರ ದಿನಕ್ಕೆ ನೆಟ್ಟ ಸಸಿ ಮುಂದಿನ ಬೇಸಿಗೆ ದಾಟುವುದು ಕಷ್ಟ. ತಾವೇ ಜಾಗ ಹುಡುಕಿ, ಚರ್ಚೆ ಮಾಡಿ ನೆಟ್ಟ ಗಿಡ ಬಾಡಿದರೆ ಮಕ್ಕಳ ಜೀವ ತಡೆಯುವುದಿಲ್ಲ. ರಜೆಯಲ್ಲೂ ಕೊಡ ಹಿಡಿದು ಬರುತ್ತಾರೆ.

ಹೀಗೆ ತೀರ್ಮಾನವನ್ನು ಮಕ್ಕಳಿಗೆ ಬಿಡುವುದು ನಾವು ಅವರಿಗೆ ತೋರುವ ಔದಾರ್ಯವಲ್ಲ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳು ಅಭಿಪ್ರಾಯ ಹೇಳಬಹುದು, ಅದನ್ನು ಪರಿಗಣಿಸಬೇಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಇನ್ನು ತೋಟದ ವಿಷಯಕ್ಕೆ ಬಂದರೆ, ಶಾಲಾ ಪೌಷ್ಟಿಕ ತೋಟಗಳ ಬಗ್ಗೆ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಕ್ಕಳು ಬೆಳೆದ ಸೊಪ್ಪು ಬಿಸಿಯೂಟದ ಸಾಂಬಾರಿಗೆ ಬಿದ್ದ ದಿನ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ ಎಂಬುದನ್ನು ನಮ್ಮ ಅಡುಗೆ ತಾಯಂದಿರೇ ಹೇಳಬಲ್ಲರು.

ಶಿಕ್ಷಕರಲ್ಲಿ ಎರಡು ಮಾತು. ತೋಟದ ಕೆಲಸವನ್ನು ಎಂದೂ ಶಿಕ್ಷೆಯಾಗಿ ಕೊಡಬೇಡಿ. ತಡವಾಗಿ ಬಂದವನಿಗೆ ಕಳೆ ಕೀಳಲು ಹೇಳಿದರೆ ಮಣ್ಣು ಮುಟ್ಟುವುದೇ ಅವಮಾನವೆಂದು ಅವನು ಕಲಿಯುತ್ತಾನೆ. ಗುದ್ದಲಿ ಹುಡುಗರಿಗೆ, ಪೊರಕೆ ಹುಡುಗಿಯರಿಗೆ ಎಂಬ ಹಂಚಿಕೆಯೂ ಬೇಡ. ಜಾತಿ ನೋಡಿ ಕೆಲಸ ಹೇಳುವುದಂತೂ ಅಪರಾಧ. ಎಲ್ಲರಿಗೂ ಸರದಿ ಇರಲಿ, ಆ ಸರದಿಯ ಪಟ್ಟಿಯನ್ನು ಮಕ್ಕಳೇ ಬರೆಯಲಿ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ ಬೀಳುತ್ತದೆ. ತೋಟಗಳು ಒಣಗುವುದು ಆಗಲೇ. ಬೇಸಿಗೆಯ ನೀರಿಗೆ, ದನ ನುಗ್ಗದಂತೆ ಬೇಲಿಗೆ ಈಗಿನಿಂದಲೇ ದಾರಿ ಮಾಡಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಈ ಬೇಡಿಕೆ ಇಟ್ಟಾಗ ಚಪ್ಪಾಳೆ ತಟ್ಟಿ ಕಳಿಸಬೇಡಿ, ನಡಾವಳಿಯಲ್ಲಿ ಬರೆದುಕೊಂಡು ಕೆಲಸ ಮಾಡಿಕೊಡಿ.

ಮಕ್ಕಳೇ, ಇವತ್ತು ಇಲ್ಲಿ ಬೀಜ, ಸಸಿ ಬದಲಾಯಿಸಿಕೊಳ್ಳಿ. ಬೇರೆ ಶಾಲೆಯವರ ನಕ್ಷೆಗಳನ್ನು ಗಮನವಿಟ್ಟು ನೋಡಿ, ತಿಳಿಯದ್ದನ್ನು ಕೇಳಿ. ನಾಳೆ ನಿಮ್ಮ ಶಾಲೆಯ ಅಂಗಳವನ್ನು ನೀವೇ ಅಳೆದು ನಕ್ಷೆ ಬರೆದು ಮುಖ್ಯ ಶಿಕ್ಷಕರ ಮುಂದಿಡಿ. ಹಿರಿಯರೆಲ್ಲರೂ ಅದಕ್ಕೆ ಬೆಂಬಲವಾಗಿ ನಿಲ್ಲಬೇಕೆಂದು ಕೋರುತ್ತಾ, ಈ ಮೇಳವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.