ಕತ್ತಾಳೆಯ ಗುರುತು ಹಿಡಿಯುವುದು ಹೇಗೆ?



ಕತ್ತಾಳೆ ದೂರದ ಮೆಕ್ಸಿಕೋ ಕಡೆಯಿಂದ ಬಂದ ಗಿಡ. ಯಾಣದ ತಂಪು ಕಾಡಿನೊಳಗೆ ಅದನ್ನು ಹುಡುಕಬೇಡಿ. ನೀರು ನಿಲ್ಲದ, ಬಿಸಿಲು ಬೀಳುವ ಒಣ ನೆಲವೇ ಅದರ ಜಾಗ.

ಹಗ್ಗಕ್ಕೆಂದು ನೆಡುವ ಮುಂಚೆ ಎಲೆಯ ಅಂಚು ನೋಡಿ. ಬೂದು ನೀಲಿ ಬಣ್ಣ, ಅಂಚಿನುದ್ದಕ್ಕೂ ಕೊಕ್ಕೆ ಮುಳ್ಳು ಇದ್ದರೆ ಅದು ಬೇಲಿಯ ಕತ್ತಾಳೆ. ದನ ತಡೆಯಲು ಬಲು ಒಳ್ಳೇದು. ಹಸಿರು ಎಲೆ ಕತ್ತಿಯ ಹಾಗೆ 3-4 ಅಡಿ ನೆಟ್ಟಗಿದ್ದು, ತುದಿಗೆ ಮಾತ್ರ ಮುಳ್ಳಿದ್ದರೆ ಅದು ಸೀಸಲ್. ನಾರಿಗೆ ಇದೇ ಬೇಕು. ಎಳೆ ಸೀಸಲ್ ಅಂಚಿಗೂ ಸಣ್ಣ ಮುಳ್ಳು ಇರುವುದುಂಟು. ಆದ್ದರಿಂದ ತಾಯಿಗಿಡ ನೋಡಿಯೇ ಸಸಿ ತನ್ನಿ.

"ಬೆರಕೆ ಆಗಿದ್ದರೆ?" ಎಂದು ಕೇಳುವಿರಿ. ಸೀಸಲ್ಲೇ ಹಳೆಯದೊಂದು ಬೆರಕೆಯೆಂದು ಸಸ್ಯಶಾಸ್ತ್ರಜ್ಞರು ಎಣಿಸುತ್ತಾರೆ. ಅದು ಬೀಜ ಕಟ್ಟುವುದು ಬಹಳ ಅಪರೂಪ. ಹೂದಂಟಿನ ಮೇಲಿನ ಮರಿಗಳೂ ಬುಡದ ಕಂದುಗಳೂ ತಾಯಿಯ ಗುಣವನ್ನೇ ಹೊತ್ತು ಬರುತ್ತವೆ. ಹೂ ಬಿಟ್ಟ ಗಿಡ ಒಣಗಿ ಸಾಯುತ್ತದೆ. ಮರಿಗಳನ್ನು ಆರಿಸಿ ನೆಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಲೋಳೆಸರವೆಂದು ತಿಳಿದು ಇದರ ರಸ ಮೈಗೆ ಹಚ್ಚೀರಿ, ಜೋಕೆ! ತುರಿಕೆ, ಗುಳ್ಳೆ ಏಳುತ್ತದೆ. ಅನುಮಾನವಿದ್ದರೆ ಕುಡುಗೋಲಿನಿಂದ ಎಲೆ ಕೊಯ್ದು ನೋಡಿ: ಲೋಳೆಸರದಲ್ಲಿ ಬರೀ ಲೋಳೆ, ಕತ್ತಾಳೆಯಲ್ಲಿ ಗಟ್ಟಿ ನಾರು. ಮಕ್ಕಳ ಕಣ್ಣಿಗೆ ರಸ ತಾಗದಂತೆ ನೋಡಿಕೊಳ್ಳಿ.