ಉತ್ತರ ಒಂದಾ, ಅರ್ಧಾನಾ?

ಕೇರಂ ಬೋರ್ಡ್ ನೆನಪು ಮಾಡ್ಕೊಳ್ಳಿ. ಸ್ಟ್ರೈಕರ್ ಕಾಯಿಗೆ ತಾಗೋದು ಕ್ಷಣಮಾತ್ರ, ಆದ್ರೆ ಕಾಯಿ ಓಡಿಹೋಗುತ್ತೆ. ಇಂಥ ಏಟನ್ನ ಗಣಿತದಲ್ಲಿ ಬರೆಯೋಕೆ ಇರೋದೇ ಇಂಪಲ್ಸ್ ಫಂಕ್ಷನ್. ಭೌತವಿಜ್ಞಾನಿ ಪಾಲ್ ಡಿರಾಕ್ ಹೆಸರಲ್ಲಿ ಇದನ್ನ ಡಿರಾಕ್ ಡೆಲ್ಟಾ ಅಂತಾರೆ. ಒಂದೇ ಒಂದು ಬಿಂದು ಬಿಟ್ಟು ಉಳಿದೆಲ್ಲ ಕಡೆ ಇದರ ಬೆಲೆ ಸೊನ್ನೆ; ಆದರೂ ಒಟ್ಟು ವಿಸ್ತೀರ್ಣ 1.

ಪೈಥಾನ್‌ನ ಉಚಿತ ಲೈಬ್ರರಿ ಸಿಂಪೈಗೆ ಇದು ಗೊತ್ತು. ಎಕ್ಸ್ ವರ್ಗವನ್ನು 3ರಲ್ಲಿರೋ ಡೆಲ್ಟಾದಿಂದ ಗುಣಿಸಿ, 0ಯಿಂದ 5ರವರೆಗೆ ಇಂಟಿಗ್ರೇಟ್ ಮಾಡು ಅಂದ್ರೆ 9 ಅನ್ನುತ್ತೆ. 3ರಲ್ಲಿನ ಬೆಲೆಯನ್ನಷ್ಟೇ ಹೆಕ್ಕಿ ಕೊಡುತ್ತೆ.

ಎಡವೋದು ಎಲ್ಲಿ? ಡೆಲ್ಟಾ 0ಯಲ್ಲೇ ಇದ್ದು, ನೀವೂ 0ಯಿಂದಲೇ ಇಂಟಿಗ್ರೇಷನ್ ಶುರು ಮಾಡಿದಾಗ. ಏಟು ಗಡಿ ಮೇಲೇ ಬೀಳುತ್ತೆ. ಈಗಿನ ಸಿಂಪೈ ಅದನ್ನ ಸೀಳಿ ಅರ್ಧ ಅನ್ನುತ್ತೆ. ಅದೇ ಡೆಲ್ಟಾಗೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಕಮಾಂಡ್ ಕೊಟ್ರೆ 1! ಯಾಕಂದ್ರೆ ಅದು ಸೊನ್ನೆಗಿಂತ ಕೂದಲೆಳೆಯಷ್ಟು ಹಿಂದಿನಿಂದ ಲೆಕ್ಕ ಹಾಕುತ್ತೆ. ಸಾಮಾನ್ಯವಾಗಿ ಎಂಜಿನಿಯರಿಂಗ್ ಪುಸ್ತಕಗಳ ರೂಢಿಯೂ ಅದೇ.

ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ. ನೀವು ಕೇಳಿದ ಪ್ರಶ್ನೆಗಳೇ ಬೇರೆ ಬೇರೆ. ಅಸೈನ್‌ಮೆಂಟ್‌ಗೆ ಉತ್ತರ ಇಳಿಸಿಕೊಳ್ಳೋ ಮುಂಚೆ ಡೆಲ್ಟಾ ಎಲ್ಲಿದೆ, ನಿಮ್ಮ ಗಡಿ ಎಲ್ಲಿದೆ ಅಂತ ಒಮ್ಮೆ ನೋಡ್ಕೊಳ್ಳಿ.